ಕೇಳಿದರೆ ಹುಟ್ಟುವ ಗೂಡು

ಮರೆತ ವಸ್ತುಗಳ ಕೌಂಟರ್,
ಬಸ್ ನಿಲ್ದಾಣ,
ನವೆಂಬರ್ ೧೪, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೆ? ನೀನಿರುವ ಊರು ಗೊತ್ತಿಲ್ಲದೆ ನಿನ್ನ ಗೆಳತಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಅಪ್ಪನ ಮೊಣಕಾಲು ನೋವು ಹಾಗೇ ಇದೆ, ಹಟವೂ ಹಾಗೇ ಇದೆ.

ಸಾಹಿತ್ಯ ಓದಿದವಳಿಗೆ ಕೊನೆಗೂ ಕೆಲಸ ಸಿಕ್ಕಿದ್ದು ಇಲ್ಲಿ. ಬಸ್ಸಿನಲ್ಲಿ ಜನ ಬಿಟ್ಟುಹೋದ ಕೊಡೆ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿಗಳ ನಡುವೆ ಕೂತಿರುತ್ತೇನೆ. ಹೆಸರು ಬರೆದಿರುವ ವಸ್ತುಗಳನ್ನು ಕಂಪ್ಯೂಟರಿಗೆ ತುಂಬಬೇಕು. ಇಲ್ಲಿನ ಕಂಪ್ಯೂಟರ್ ಮೇಷ್ಟ್ರು ನನಗೊಂದು ಪುಟ್ಟ ಪ್ರೋಗ್ರಾಂ ಬರೆಯಲು ಕಲಿಸಿದರು. ಅದರಲ್ಲಿ ಅರೇ ಅಂತ ಒಂದಿದೆ. ಗೋಡೆಯ ಗೂಡುಗಳಂತೆ ಅಂದುಕೋ, ಒಂದೊಂದಕ್ಕೂ ಒಬ್ಬೊಬ್ಬರ ಹೆಸರು. ಒಬ್ಬರ ವಸ್ತುಗಳೆಲ್ಲ ಒಂದೇ ಗೂಡಿಗೆ ಬೀಳುತ್ತವೆ. ಹೆಸರು ಹೇಳಿದರೆ ಸಾಕು, ರಾಶಿ ಕೆದಕದೆ ನೇರವಾಗಿ ತೆಗೆದುಕೊಡುತ್ತದೆ. ದಿನಾ ಬೆಳಿಗ್ಗೆ ಎಲ್ಲ ಗೂಡುಗಳ ಹೆಸರೂ, ಅದರ ಮುಂದೆ ಒಳಗಿರುವ ವಸ್ತುಗಳೂ ಅಚ್ಚಾಗಿ ಹೊರಗಿನ ಬೋರ್ಡಿಗೆ ಏರುತ್ತವೆ.

ನಾನು ಯಾರಿಗೂ ಹೇಳದೆ ಒಂದು ಸಾಲು ಸೇರಿಸಿದ್ದೆ. ಅಚ್ಚಾಗುವ ಮುಂಚೆ ಅದು ನಿನ್ನ ಹೆಸರನ್ನು ಕೇಳುತ್ತಿತ್ತು, ಅಷ್ಟೆ. ಯಾವ ಬಸ್ಸಿನಲ್ಲಾದರೂ ನಿನ್ನದೊಂದು ಕರವಸ್ತ್ರ ಉಳಿದಿದ್ದರೆ, ಆ ಬಸ್ಸು ಬಂದ ದಾರಿಯಾದರೂ ತಿಳಿದೀತು ಎಂಬ ಆಸೆ. ಮರುದಿನ ಬೋರ್ಡಿನಲ್ಲಿ ನಿನ್ನ ಹೆಸರಿತ್ತು! ಮುಂದೆ ಏನೂ ಇಲ್ಲ, ಬರೀ ಬಿಳಿ. ಮೇಷ್ಟ್ರು ನೋಡಿ ನಕ್ಕರು. "ಇಲ್ಲದ್ದನ್ನ ಕೇಳಿದ್ರೆ ಇದು ಇಲ್ಲ ಅನ್ನಲ್ಲಮ್ಮ. ಆ ಹೆಸರಲ್ಲಿ ಒಂದು ಖಾಲಿ ಗೂಡು ಮಾಡ್ಕೊಂಡು ಕಾಯ್ತಾ ಕೂತ್ಕೊಳ್ಳುತ್ತೆ."

ಅಷ್ಟರಲ್ಲಿ ಅಪ್ಪನ ಕಣ್ಣಿಗೆ ಅದು ಬಿದ್ದಾಗಿತ್ತು. ಕೌಂಟರಿನ ಆಚೆ ನಿಂತಿದ್ದರು, ಅಂಗಿಯ ಗುಂಡಿ ಅಡ್ಡಾದಿಡ್ಡಿ. "ಅವಳದ್ದೇನೋ ಸಿಕ್ಕಿದ್ಯಂತಲ್ಲ?" ನನ್ನ ಬಾಯಿಂದ ಬಂದದ್ದು ಹಾಳು "ಹೂಂ" ಒಂದೇ. ತೋರಿಸು ಎನ್ನಲಿಲ್ಲ. "ಅವಳದ್ದು ಅವಳೇ ನೋಡ್ಲಿ" ಎಂದು ಜೇಬಿಗೆ ಕೈ ಹಾಕಿದರು. ಅಪ್ಪನ ಜೊತೆ ಜಗಳವಾಡಿದ ದಿನ ನೀನು ಮೇಜಿನ ಮೇಲೆ ಬಿಸಾಡಿ ಹೋದೆಯಲ್ಲ, ನಮ್ಮ ಮನೆಯ ಆ ಬೀಗದ ಕೈ ಹೊರಬಂತು. ಅಂದಿನಿಂದ ಅದನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದರೆಂದು ನನಗೇ ಗೊತ್ತಿರಲಿಲ್ಲ. "ಇದೂ ಅವಳು ಬಿಟ್ಟುಹೋದದ್ದೇ. ಅದರ ಜೊತೆಗಿಡು." ಯಾವುದರ ಜೊತೆಗೆ, ಅಕ್ಕಾ?

ಹುಷಾರಾಗಿರು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಗೆಳತಿಗೂ ನನ್ನ ನೆನಪು ಹೇಳು.

ನಿನ್ನ
ಗುಮ್ಮನಗುಸಕಿ

ಮರೆತಿದ್ದೆ: ಆ ಸಾಲನ್ನು ಆಗಲೇ ತಿದ್ದಿದೆ. ಈಗ ಅದು ಗೂಡು ಇದೆಯೇ ಎಂದಷ್ಟೇ ನೋಡುತ್ತದೆ, ಹೊಸದು ಮಾಡುವುದಿಲ್ಲ. ಆದರೂ ಇವತ್ತು ಬೋರ್ಡಿನಲ್ಲಿ ನಿನ್ನ ಹೆಸರಿದೆ, ಮುಂದೆ "ಬೀಗದ ಕೈ". ನಿಯಮದ ಪ್ರಕಾರ ವಸ್ತುವನ್ನು ಅದರ ಯಜಮಾನರ ಕೈಗೇ ಕೊಡಬೇಕು, ತಂಗಿಗೂ ಕೊಡುವಂತಿಲ್ಲ. ಅಪ್ಪ ಎದುರಿನ ಬೆಂಚಿನಲ್ಲಿದ್ದಾರೆ. ಕೌಂಟರಿಗೆ ಯಾರು ಬಂದರೂ ಮೊಣಕಾಲು ಹಿಡಿದುಕೊಂಡು ಎದ್ದು ನಿಲ್ಲುತ್ತಾರೆ.