ಬೇಸಿಗೆಯ ಶಾಲು

ಬೇಲೂರು, ೧೯೬೨

ಅಪ್ಪಾ,

ಇವತ್ತು ಬೆಳಗಿನ ಮಂಜು ಗುಡಿಯೊಳಗೂ ಬಂದಿತ್ತು. ದೀಪದ ಮಬ್ಬಿನಲ್ಲಿ ಪೂಜೆಗೆ ನಿಂತ ತಮ್ಮ ರಾಮಾನುಜ ನೀವೇ ಅನ್ನಿಸಿ, ಕರೆಯಲು ಬಾಯಿ ತೆರೆದೆ. ಆಮೇಲೆ ಅವನ ಎಡ ಎದೆಯ ಮೇಲೆ, ಜನಿವಾರದಡಿ, ಹೊಲಿಗೆಯ ಗೆರೆ ಕಂಡಿತು.

ಅಲ್ಲಿ ಗಂಟೆದ್ದಾಗ ಅವನೂ, ನಿಮ್ಮ ಎದೆಯ ಗಂಟಿಗೆ ನೀವು ಅಂದಂತೆಯೇ, "ಜನಿವಾರ ಉಜ್ಜಿದ್ದು ಕಣೇ ಅಕ್ಕ, ಗಂಧ ಹಚ್ಚಿದ್ರೆ ಹೋಗತ್ತೆ" ಅಂದಿದ್ದ. ಈ ಸಲ ನಾನು ಕೇಳಲಿಲ್ಲ. ಅರಸೀಕೆರೆಯಲ್ಲಿ ರೈಲು ಹತ್ತಿಸಿ ಬೆಂಗಳೂರಿಗೆ ಕರೆದೊಯ್ದೆ. ಗಂಟಿನ ಚೂರು ಪರೀಕ್ಷಿಸಿದ ಡಾಕ್ಟರು, "ಸ್ತನದ ಕ್ಯಾನ್ಸರ್ ಅಮ್ಮಾ. ಅಪರೂಪಕ್ಕೆ ಗಂಡಸರಿಗೂ ಬರತ್ತೆ. ಬೇಗ ಕರ್ಕೊಂಡು ಬಂದ್ರಿ" ಎಂದು ಕೊಯ್ದು ತೆಗೆದರು.

ಕೊನೆಯ ವರ್ಷ ನೀವು ಬೇಸಿಗೆಯಲ್ಲೂ ಎದೆ ಕಾಣದಂತೆ ಉತ್ತರೀಯ ಹೊದ್ದೇ ಮಲಗುತ್ತಿದ್ದಿರಿ. ಚಳಿಯೇನೋ ಎಂದು ನಾನು ಮೇಲೊಂದು ಶಾಲು ಹೊದಿಸುತ್ತಿದ್ದೆ.

ಪೂಜೆ ಮುಗಿಸಿ ಬಂದ ರಾಮಾನುಜ ಚಳಿ ಎಂದ. ಅದೇ ಶಾಲು ತಂದು ಬಿಚ್ಚಿ ಹಿಡಿದೆ. ಹೊದಿಸಲು ಕೈ ಏಳಲಿಲ್ಲ, ಅಪ್ಪಾ.

ಯದುಗಿರಿ