ಹಸಿರೆಣ್ಣೆ ಹಚ್ಚಿದ ದಿನ

ಮಾರ್ಚ್ 3

ಇವತ್ತೂ ಪೀಪಾಯಿ ಸಂದಿಗೆ ತೊಗಟೆ ತುರುಕೋದೇ ಕೆಲಸ. ಬೆರಳ ತುದಿಯೆಲ್ಲ ಸುಲಿದಿದೆ. ಉಪ್ಪು ಹಾಕಿದ ಮೀನು ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಕಳಿತು ಇಳಿಯೋ ರಸದ ರುಚಿ ನೋಡೋದು ಕಲೀಬೇಕು ಅಂತ ಟ್ರೈನಿಯಾಗಿ ಈ ದ್ವೀಪಕ್ಕೆ ಬಂದವಳು ನಾನು. ಇಲ್ಲಿವರೆಗೆ ಕಲಿತದ್ದು ಸೋರೋದನ್ನ ನಿಲ್ಲಿಸೋದು. ಜೊತೆ ಟ್ರೈನಿ ಖಾಂಗ್‌ಗೂ ಅದೇ ಡ್ಯೂಟಿ. ಅವನು ಗೊಣಗೋದಿಲ್ಲ, ನಗೋದೂ ಇಲ್ಲ. ಮುಖ ಅಲ್ಲ ಅದು, ಗೋಡೆ.

ಇಬ್ಬರಲ್ಲಿ ಒಬ್ಬರೇ ಪೀಪಾಯಿ ಮನೇಲಿ ಉಳಿಯೋದು, ಏಳನೇ ಅತ್ತೆ ಕೈಕೆಳಗೆ. ಇನ್ನೊಬ್ಬರು ಬಾಟ್ಲಿ ಶೆಡ್ಡಿಗೆ, ಲೇಬಲ್ ಅಂಟಿಸೋಕೆ. ಅತ್ತೆ ಅಂದ್ರೆ ಯಜಮಾನರ ತಂಗಿ, ಆ ಮನೆಯ ಏಳನೇ ಮಗು, ರಸ ನೋಡಿ ತೀರ್ಪು ಹೇಳೋರು; ಇಲ್ಲಿ ಎಲ್ಲರಿಗೂ ಅತ್ತೆನೇ. ಏಪ್ರಿಲ್‌ನಲ್ಲಿ ಪರೀಕ್ಷೆ. ನಂಗೆ ಲೇಬಲ್ ಬೇಡಪ್ಪಾ… ದಮ್ಮಯ್ಯ, ಬೇಡ.

ಮಾರ್ಚ್ 6

ಕೊನೆಗೂ ರುಚಿ ನೋಡೋ ಕಪ್ಪು ಕೈಗೆ ಬಂತು!

ಅತ್ತೆ ಪೀಪಾಯಿಯ ಬುಡದ ನಲ್ಲಿ ತಿರುಗಿಸಿ ಬಿಳೀ ಕಪ್ಪಿಗೆ ಒಂದು ಗುಟುಕು ಹಿಡಿದ್ರು. ತಾವು ಒಂದು ಸಲ ಮೂಗಿಗೆ ಹಿಡಿದು ನಂಗೆ ಕೊಟ್ರು. "ಹೂಂ, ಸೂಯೆನ್, ಮೊದಲು ನೀನು." ನಾನು ಮೂಸ್ತಾ ಇದ್ರೆ ಅವರ ಕಣ್ಣು ಕಪ್ಪಿನ ಮೇಲೆ ಇಲ್ಲ, ನನ್ನ ಮೇಲೆ. ನನ್ನ ಮುಖದಲ್ಲೇನು ಸಿನಿಮಾ ನಡೀತಿತ್ತಾ?

ನಾನು ಬಾಯಿ ಬಿಡೋಕೆ ಮುಂಚೆನೇ ಅಂದ್ರು — "ಇನ್ನೆರಡು ತಿಂಗಳು ಬೇಕು ಇದಕ್ಕೆ." ನಂಗೂ ಹಾಗೇ ಅನ್ನಿಸಿತ್ತು! ಅದೇ ಖಾಂಗ್ ಸರದಿ ಬಂದಾಗ ಸುಮ್ಮನೆ ಕಾದ್ರು. "ಬಾಯಲ್ಲಿ ಮುತ್ತು ಇಟ್ಕೊಂಡಿದ್ದೀಯೇನೋ? ಹೇಳೋ" ಅಂತ ಗದರಿದ್ರು. ಅವನು ಹೇಳಿದ. ಸರಿಯಾಗೇ ಹೇಳಿದ. ಅವನ ಮೂಗು ನನ್ನದಕ್ಕಿಂತ ಚುರುಕು, ಹೊಟ್ಟೆ ಉರಿಯತ್ತೆ.

ಅತ್ತೆಗೆ ಅಷ್ಟು ಬೇಗ ಹೇಗೆ ಗೊತ್ತಾಗತ್ತೆ? ಅದನ್ನ ಕಂಡುಹಿಡೀಲೇಬೇಕು.

ಮಾರ್ಚ್ 9

ಮಧ್ಯಾಹ್ನ ಎಲ್ಲರೂ ಸೇರಿ ನುಚ್ಚಕ್ಕಿ ಅನ್ನ, ಸುಟ್ಟ ಮೀನು. ಅತ್ತೆ ಸೂಜಿಮೆಣಸಿನಕಾಯಿಯನ್ನ ಕಡ್ಲೇಕಾಯಿ ಥರ ಕಚ್ತಾರೆ. ಕಣ್ಣಲ್ಲಿ ನೀರಿಲ್ಲ. ನೋಡಿದ ನನ್ನ ಕಿವಿಯಲ್ಲಿ ಹೊಗೆ.

"ನಾಲಿಗೆ ಜೋಪಾನ ಅಂತ ನಮಗೆ ಹೇಳ್ತೀರಿ, ನೀವು ಹೀಗೆ ತಿನ್ನಬಹುದಾ ಅತ್ತೆ?"

"ನನ್ನ ನಾಲಿಗೆ, ನನ್ನ ಮೆಣಸಿನಕಾಯಿ. ನಿನ್ನ ಮೂಗು ನಿನ್ನ ತಟ್ಟೇಲಿ ಇರ್ಲಿ."

ಎಲ್ಲರೂ ನಕ್ರು. ಖಾಂಗ್ ಬಿಟ್ಟು.

ಆಮೇಲೆ ಯಜಮಾನರು ಹಳೇ ಕಥೆ ತೆಗೆದ್ರು. ಒಂದು ಸಲ ಯಾರೋ ಹುಡುಗಿ ಶ್ಯಾಂಪೂ ಹಾಕ್ಕೊಂಡು ಗೇಟ್ ಹತ್ರ ಬಂದಿದ್ಲಂತೆ, ಅತ್ತೆ ಒಳಗಿಂದ್ಲೇ ಕೂಗಿ ವಾಪಸ್ ಕಳಿಸಿದ್ರಂತೆ. ಸೆಂಟು, ಸೋಪು, ಎಣ್ಣೆ — ಪೀಪಾಯಿ ಮನೆಗೆ ಯಾವುದೂ ಬರಕೂಡದು. ಅದು ಅತ್ತೆಯದೇ ಕಾನೂನು. "ಹೋದ ವರ್ಷ ಆ ಕೆಟ್ಟ ಜ್ವರ ಬಂದ್ಮೇಲೆ ಇವಳೇ ಟ್ರೈನಿಗಳು ಬೇಕು ಅಂದ್ಲು. ಅಲ್ಲೀವರೆಗೆ ಒಂದು ನೊಣಕ್ಕೂ ವಿದ್ಯೆ ಹೇಳಿಕೊಟ್ಟವಳಲ್ಲ" ಅಂದ್ರು. ಅತ್ತೆ ಎದ್ದು ತಟ್ಟೆ ತೊಳೆಯೋಕೆ ಹೋದ್ರು.

ಮಾರ್ಚ್ 22, ಬೆಳಗ್ಗೆ

ಅಯ್ಯಯ್ಯೋ. ಎಂಥಾ ಎಡವಟ್ಟು.

ತಾತನ ತಿಥಿಗೆ ಅಂತ ರಜೆ ಹಾಕಿ ಊರಿಗೆ ಹೋಗಿದ್ದೆ. ಬರೋವಾಗ ಕಡಲು ಕುದೀತಿತ್ತು. ದೋಣಿಯಲ್ಲಿ ಕರುಳು ಬಾಯಿಗೆ ಬಂತು. ಅಮ್ಮ ಜೇಬಿಗೆ ತುರುಕಿದ್ದ, ಕರ್ಪೂರದ ಘಾಟು ಹೊಡೆಯೋ ಹಸಿರೆಣ್ಣೆ ಬಾಟ್ಲಿ ತೆಗೆದು ಹಣೆಗೆ, ಮೂಗಿನ ಕೆಳಗೆ, ಹೊಟ್ಟೆಗೆ, ಕತ್ತಿಗೆ — ಬಳಿದದ್ದೇ ಬಳಿದದ್ದು. ತಲೆನೋವಿಗೂ ಅದೇ, ಸೊಳ್ಳೆ ಕಚ್ಚಿದ್ರೂ ಅದೇ, ಹುಟ್ಟಿದಾಗಿಂದ ಅದರಲ್ಲೇ ಮಿಂದವಳು ನಾನು. ಹಚ್ಚಿದ್ದೇ ಮರೆತುಹೋಯ್ತು. ಲೇಟಾಗಿತ್ತು. ದಡದಿಂದ ನೇರ ಪೀಪಾಯಿ ಮನೆಗೆ ನುಗ್ಗಿದೆ.

ಖಾಂಗ್ ಎರಡು ಹೆಜ್ಜೆ ಹಿಂದೆ ಹಾರಿದ. "ತಲೆ ಕೆಟ್ಟಿದೆಯಾ ನಿಂಗೆ? ಎಣ್ಣೆ!"

ಓಡೋಣ ಅಂದ್ರೆ ಬಾಗಿಲಲ್ಲಿ ಅತ್ತೆ. ನನ್ನ ಕತೆ ಮುಗೀತು ಅಂದ್ಕೊಂಡೆ. ಹತ್ರ ಬಂದ್ರು. ತೀರಾ ಹತ್ರ. ನನ್ನ ಕಾಲರ್ ಸರಿಮಾಡಿದ್ರು.

"ಸೊರಗಿದ್ದೀಯಲ್ಲೇ. ಅಮ್ಮ ಊಟ ಹಾಕ್ಲಿಲ್ವಾ?"

ಅಷ್ಟೇ. ಪೀಪಾಯಿ ಕಡೆ ಹೊರಟುಹೋದ್ರು.

ನಾನು ಹಿತ್ತಿಲಿಗೆ ಓಡಿ ಸೋಪಿಲ್ಲದೆ, ಬರೀ ಉಪ್ಪು ಹಾಕಿ ಚರ್ಮ ಕೆಂಪಾಗೋ ತನಕ ಉಜ್ಜಿದೆ.

ಅದೇ ದಿನ, ಸಂಜೆ

ಖಾಂಗ್ ಮಾತು ಬಿಟ್ಟಿದ್ದಾನೆ. "ನಾನಾಗಿದ್ರೆ ಆಗಲೇ ಮನೆಗೆ ಕಳಿಸ್ತಿದ್ರು. ನೀನು ಮುದ್ದಿನ ಸೊಸೆ" ಅಂದ. ಮುದ್ದು ಅಲ್ಲ ಕಣೋ ಮಂಕೇ.

ಮೆಣಸಿನಕಾಯಿ. ಜ್ವರ. "ಮೊದಲು ನೀನು." ನನ್ನ ಮುಖ ನೋಡೋ ಆ ಕಣ್ಣು…

ಏಳನೇ ಅತ್ತೆಗೆ ವಾಸನೆ ಬರೋದಿಲ್ಲ.

ಬರೆದು ಹೊಡೆದುಹಾಕಿದೆ. ಮತ್ತೆ ಬರೆದೆ.

ಮಾರ್ಚ್ 24

ಸುಮ್ಮನಿರೋಕೆ ನನ್ನಿಂದ ಆಗತ್ತಾ? ಇವತ್ತು ಕಪ್ಪು ಕೊಟ್ಟಾಗ ಖಾಂಗ್ ಥರ ಮುಖ ಕಲ್ಲು ಮಾಡ್ಕೊಂಡೆ. ಕಷ್ಟ ಅದು, ಕೆನ್ನೆ ನೋವು ಬಂತು. ಒಳ್ಳೇ ರಸ, ಘಮ್ ಅಂತಿತ್ತು, ಆದ್ರೂ ಹುಬ್ಬು ಅಲ್ಲಾಡಿಸಲಿಲ್ಲ.

ಅತ್ತೆ ಕಾದ್ರು. ಕಪ್ಪು ತಗೊಂಡು ಬೆಳಕಿಗೆ ಹಿಡಿದ್ರು. ನಾಲಿಗೆಗೆ ಒಂದು ತೊಟ್ಟು ಬಿಟ್ಕೊಂಡ್ರು. ಮತ್ತೆ ನನ್ನ ಕಡೆ ನೋಡಿದ್ರು. ಕಪ್ಪು ಕೆಳಗಿಟ್ರು.

"ನಾಳೆ ನೋಡೋಣ ಇದನ್ನ" ಅಂದ್ರು.

ಕುತೂಹಲ ತೀರಿತು. ಛೀ, ಯಾಕಾದ್ರೂ ಮಾಡಿದೆನೋ.

ಏಪ್ರಿಲ್ 12

ಪರೀಕ್ಷೆ ಆಯ್ತು.

ಮೂರು ಪೀಪಾಯಿ, ಮೂರು ಕಪ್ಪು. ಯಾವುದು ಬಾಟ್ಲಿಗೆ ಹೋಗಬಾರದು, ಹೇಳ್ಬೇಕು. ನಾನೂ ಖಾಂಗೂ ಮೂಸಿ ಚೀಟಿ ಬರೆದುಕೊಟ್ವಿ. ನಾನು ಬರೆದದ್ದು ಮೂರನೇದು. ಒದ್ದೆ ಗೋಣಿಚೀಲದ ವಾಸನೆ, ಸಣ್ಣದಾಗಿ, ಕೊನೇಲಿ. ಇಷ್ಟಕ್ಕೆ ಮುಗೀತು ಅಂದ್ಕೊಂಡ್ರೆ, ಯಜಮಾನರು ಚೀಟಿ ಜೇಬಿಗಿಟ್ಟು, "ಇವರು ಬರೆದದ್ದನ್ನ ಆಮೇಲೆ ನೋಡೋಣ. ಏಳನೇ ತಂಗಿ, ಮೊದಲು ನೀನು ಹೇಳಮ್ಮ" ಅಂದುಬಿಟ್ರು.

ಮೊದಲು ನೀನು — ಅವರ ಮಾತೇ ಅವರಿಗೆ ತಿರುಗಿಬಿತ್ತು.

ಅತ್ತೆ ಮೊದಲ ಕಪ್ಪು ಎತ್ತಿದ್ರು. ನಾನು ಪಕ್ಕದಲ್ಲೇ ಇದ್ದೆ. ಕಪ್ಪಿನ ಅಂಚಿನ ಮೇಲಿಂದ ಆ ಕಣ್ಣು ನನ್ನ ಮುಖಕ್ಕೆ ಬಂತು. ಅವರಿಗೆ ಭಯ ಆಗಿತ್ತು. ಅತ್ತೆಗೆ!

ನಾನು ಕಲ್ಲಾಗಿದ್ರೆ ಇವತ್ತೇ ಅವರ ಕತೆ ಮುಗೀತಿತ್ತು. ಮುಖ ಬಿಟ್ಟುಕೊಟ್ಟೆ. ಮೊದಲನೇದಕ್ಕೆ ತೃಪ್ತಿ. ಎರಡನೇದಕ್ಕೂ. ಮೂರನೇ ಕಪ್ಪು ಮೇಲೆ ಬಂದಾಗ ನನ್ನ ಮೂಗು ತಾನಾಗೇ ಸೊಟ್ಟಗಾಯ್ತು, ನಟನೆ ಏನೂ ಇಲ್ಲ.

"ಮೂರನೇದು ಬೇಡ ಅಣ್ಣ" ಅಂದ್ರು ಅತ್ತೆ.

ಚೀಟಿ ತೆಗೆದು ನೋಡಿದ್ರೆ ಎರಡರಲ್ಲೂ ಮೂರು. ಯಜಮಾನರಿಗೆ ಖುಷಿಯೋ ಖುಷಿ. "ಹಾಗಾದ್ರೆ ಯಾರನ್ನ ಇಟ್ಕೋತೀಯ?"

"ಸೂಯೆನ್."

ಖಾಂಗ್ ತಲೆ ತಗ್ಗಿಸಿ ಹೊರಗೆ ಹೋದ. ಅವನ ಮುಖದಲ್ಲಿ ಮೊದಲ ಸಲ ಏನೋ ಕಾಣಿಸಿತು. ಇಷ್ಟು ದಿನ ಬೇಕು ಬೇಕು ಅಂದದ್ದು ಸಿಕ್ಕಿದೆ, ಕುಣಿಯೋಕೆ ಕಾಲೇ ಬರ್ತಿಲ್ಲ.

ಏಪ್ರಿಲ್ 13

ಬೆಳಗ್ಗೆ ಪೀಪಾಯಿ ಮನೇಲಿ ನಾವಿಬ್ಬರೇ. ತಡೆಯೋಕಾಗಲಿಲ್ಲ.

"ಖಾಂಗ್ ಮೂಗು ನನಗಿಂತ ಚೆನ್ನಾಗಿದೆ ಅತ್ತೆ."

"ಗೊತ್ತು."

"ಮತ್ತೆ?"

"ಅವನು ಬಾಯಲ್ಲಿ ಹೇಳ್ತಾನೆ. ಊರಿಗೆಲ್ಲ ಕೇಳತ್ತೆ. ನೀನು ಮುಖದಲ್ಲಿ ಹೇಳ್ತೀಯ, ನನಗೊಬ್ಬಳಿಗೆ." ನಲ್ಲಿ ಬಿಗಿಮಾಡ್ತಾ ಕೇಳಿದ್ರು — "ಯಾವತ್ತು ಗೊತ್ತಾಯ್ತು ನಿಂಗೆ?"

"ಮೈತುಂಬ ಹಸಿರೆಣ್ಣೆ ಬಳ್ಕೊಂಡು ಬಂದಿದ್ದೆ. ನೀವು ಕಾಲರ್ ಸರಿಮಾಡಿದ್ರಿ."

ಅತ್ತೆ ನಕ್ಕರು. ನಗ್ತಾ ನಗ್ತಾ ಕಣ್ಣು ಒರೆಸ್ಕೊಂಡ್ರು. "ಅಷ್ಟು ಹತ್ರ ಬಂದಿದ್ದೆ ಅಲ್ವೇನೇ…"

ನನ್ನ ಮೂಗು ಪಳಗೋ ತನಕ ಮಾತ್ರ ಅಂತೆ. ಆಮೇಲೆ ತಾವೇ ಯಜಮಾನರಿಗೆ ಎಲ್ಲ ಹೇಳಿ, ಖಾಂಗ್‌ನನ್ನೂ ಪೀಪಾಯಿ ಮನೆಗೆ ವಾಪಸ್ ಕರೆಸೋಕೆ ಹೇಳಿ, ಕೆಲಸ ಬಿಟ್ಟು ಹೋಗ್ತಾರಂತೆ. ಮಾತು ಕೊಟ್ರು. ನಂಬಿದೀನಿ. ಮೂಗಿಗಲ್ಲ, ಮುಖಕ್ಕೆ ಕೆಲಸ ಸಿಕ್ಕಿತಲ್ಲ ಅಂತ ಸಂಕಟ ಇದೆ, ಸುಳ್ಳು ಯಾಕೆ.

ಹೊರಡೋವಾಗ ಹಳೇ ಪೀಪಾಯಿ ಮುಚ್ಚಳ ಸರಿಸಿದ್ರು. ಮುಖ ಒಳಗೆ ಬಗ್ಗಿಸಿ ನಿಂತ್ರು.

"ಬೆಳಗ್ಗೆ ಮೊದಲು ತೆಗೆದಾಗ ಹೇಗಿರತ್ತೇ ಇದು?"

"ನಿಮಗೆ ನೆನಪಿಲ್ವಾ ಅತ್ತೆ?"

"ವಾಸನೆಗಳ ಹೆಸರೆಲ್ಲ ನೆನಪಿದೆ. ಅದು ನೆನಪಿಲ್ಲ."

ಹೇಳೋಕೆ ಹೋದೆ, ಬರಲಿಲ್ಲ. ಇಷ್ಟು ಮಾತಾಡೋ ನಾನು! "ನಾಳೆ ಹೇಳು. ಮುಖದಲ್ಲಿ ಬೇಡ, ಬಾಯಲ್ಲಿ" ಅಂದ್ರು.

ಅದಕ್ಕೇ ಈಗ ಕೂತಿದೀನಿ. ನಾಳೆಗೆ ರೆಡಿ ಇರ್ಬೇಕು.

ಮೊದಲು ಉಪ್ಪು ಬರತ್ತೆ ಅತ್ತೆ, ಆದ್ರೆ ಕಡಲಿನ ಉಪ್ಪಲ್ಲ. ಅದರ ಹಿಂದೆ ಬಿಸಿಲಿಗೆ ಕಾದ ಮರ. ಆಮೇಲೆ ಸ್ವಲ್ಪ ಸಿಹಿ, ಬೆಲ್ಲ ಅಲ್ಲ, ಅನ್ನ ತಳ ಹಿಡಿದಾಗ ಬರತ್ತಲ್ಲ ಆ ಥರ. ಅದೂ ಹೋದ್ಮೇಲೆ, ತೀರಾ ಕೊನೇಲಿ, ಉಸಿರು ಬಿಡೋ ಹೊತ್ತಿಗೆ —