ಬಾಯಿ ಗೇಲಿ

12 ಮಾರ್ಚ್ 1984, ಸೋಮವಾರ

ಇವತ್ತೂ ಹನ್ನೊಂದು ಶಾಫ್ಟ್ ರಿಜೆಕ್ಟ್. ಫೋರ್‌ಮನ್ ಶಿವಬಸಪ್ಪ ಶಾಫ್ಟಿನ ಮೇಲೆ ಉಗುರು ಎಳೆದು ನೋಡಿದ. ಬರೀ ಗೀರು. "ಏನೋ ಕರಿಯಪ್ಪ, ಇದರ ಮ್ಯಾಲೆ ನೇಗಿಲಾ ಹೊಡದಿಯೇನು?"

ನನ್ನ ಲೇಥಿನ ಹೈಸ್ಪೀಡ್ ಸ್ಟೀಲ್ ಟೂಲು ಉಜ್ಜಿ ಉಜ್ಜಿ ಬೆರಳ ಗೆಣ್ಣಿನಷ್ಟಾಗಿದೆ. ಹೋಲ್ಡರಿನಲ್ಲಿ ನಿಲ್ಲದೆ ನಡುಗುತ್ತದೆ. ಸಾಣೆ ಹಿಡಿದರೂ ಐದು ಶಾಫ್ಟಿಗೆ ಮೊಂಡು. ಹೊಸದು ಕೇಳಿದರೆ ನಗು. ಅಲಗಿಗೆ ನಮ್ಮಲ್ಲಿ ಬಾಯಿ ಅನ್ನುತ್ತಾರೆ. ಸೇರಿದ ಹೊಸದರಲ್ಲಿ, ಬಾಯಿ ಹೋಯಿತು ಅನ್ನಲು, ನನ್ನ ಹರಕು ಮರಾಠಿಯಲ್ಲಿ "ಬಾಯಿ ಗೇಲಿ" ಅಂದಿದ್ದೆ. ಮರಾಠಿಯವರಿಗೆ ಅದು — ಹೆಂಗಸು, ಹೆಂಡತಿ ಹೋದಳು, ಅಂದರೆ ಸತ್ತಳು. ಅಂದಿನಿಂದ ಟೂಲು ಮೊಂಡಾದರೆ ಇಡೀ ಶಾಪು ಹಾಗೇ ಕೂಗುತ್ತದೆ.

ಹೆಂಡತಿ ನೀಲವ್ವ ಆಸ್ಪತ್ರೆಯಲ್ಲಿ. ಬಸಿರು ಇಳಿದು ಮೂರು ದಿನ, ರಕ್ತ ನಿಂತಿಲ್ಲ. ಅವಳ ಮುಖ ನೋಡಿಲ್ಲ. ಶಿಫ್ಟು ಬಿಟ್ಟ ಮೇಲೆ ಇಲ್ಲಿ ಹಿಂಗಣಾದಿಂದ ಬಸ್ಸು ಆಸ್ಪತ್ರೆ ಮುಟ್ಟುವುದು ಏಳಕ್ಕೆ, ವಾರ್ಡಿನ ಬಾಗಿಲು ಮುಚ್ಚುವುದು ಆರಕ್ಕೆ. ಶಿವಬಸಪ್ಪನಿಗೆ ರಜೆ ಕೇಳಿದೆ. "ನೂರಾ ಹತ್ತು ಶಾಫ್ಟು ಬಾಕಿ ಅದಾವು. ಪಾಸ್ ಮಾಡಸು, ಆಮ್ಯಾಲ ಹೋಗು." ಈ ಮೊಂಡಿನಲ್ಲಿ ದಿನಕ್ಕೆ ಇಪ್ಪತ್ತು ಪಾಸಾದರೆ ಹೆಚ್ಚು.

14 ಮಾರ್ಚ್, ಬುಧವಾರ

ಹತ್ತೂವರೆಗೆ ಶಿವಬಸಪ್ಪ ತಾನೇ ಬಂದ. ಕೈಯಲ್ಲಿ ಗೇಟಿನ ವಾಚ್‌ಮನ್ ಕೊಟ್ಟ ಚೀಟಿ. "ಚೀಟಿ ಕಳಸ್ತಾನ ಸಾಹೇಬ! 'ಕರಿಯಪ್ಪ — ಬಾಯಿ ಗೇಲಿ.' ತಗೋ ಮಗನ, ಹೊಸಾ ಬಾಯಿ!" ಹೊಸ ಟೂಲನ್ನು ಬೆಂಚಿಗೆ ಎಸೆದ. ನಮ್ಮ ಜಾತಿಯವರ ಕೈಗೆ ಏನನ್ನೂ ಕೊಡುವುದಿಲ್ಲ. ಚೀಟಿ ನಾನು ಕಳಿಸಿರಲಿಲ್ಲ. ಹಾಗೆಂದು ಹೇಳಲಿಲ್ಲ. ಹೇಳಿದರೆ ಟೂಲು ಕಸಿದುಕೊಂಡಾನು.

ಕನ್ನಡಿಯಂಥ ಶಾಫ್ಟು! ಊಟ ಬಿಟ್ಟೆ. ಶಿಳ್ಳೆ ಹಾಕುತ್ತ ಕೆತ್ತಿದೆ. ನಾಲ್ಕಕ್ಕೆ ಉಳಿದ ತೊಂಬತ್ತೂ ಪಾಸ್. ಬಸ್ಸಿಗೆ ಓಡಿದೆ.

ವಾರ್ಡಿನಲ್ಲಿ ಅವಳ ಮಂಚ ಖಾಲಿ. ಪಕ್ಕದ ಮನೆಯ ಲಕ್ಷ್ಮವ್ವ ಎದೆ ಬಡಿದುಕೊಂಡಳು. "ಮುಂಜಾನೆ ಹತ್ತಕ್ಕ ಹೋದಳೋ! ದುಕಾನದಾಗಿಂದ ನಿಮ್ಮ ಗೇಟಿಗೆ ಫೋನ್ ಮಾಡಿದ್ನೆಲ್ಲೋ. ಕರಿಯಪ್ಪಾಚಿ ಬಾಯಿ ಗೇಲಿ ಅಂತ ಮರಾಠ್ಯಾಗ ಬರೋಬರ್ ಹೇಳೀನಿ..."

ವಾಚ್‌ಮನ್ ಕೇಳಿದ್ದನ್ನೇ ಬರೆದ. ಶಿವಬಸಪ್ಪ ಓದಿ ನಕ್ಕ. ನಾನು ಶಿಳ್ಳೆ ಹಾಕಿದೆ.

15 ಮಾರ್ಚ್

ಮಣ್ಣು ಮಾಡಿದೆ.

27 ಮಾರ್ಚ್, ಮಂಗಳವಾರ

ಕೆಲಸಕ್ಕೆ ಹೋದೆ. ಗೋಡೆಯ ಮೇಲೆ ನೋಟೀಸು — ಶಿಫ್ಟಿಗೆ ತೊಂಬತ್ತು ಶಾಫ್ಟು. ಮೊದಲು ನಲವತ್ತೈದಿತ್ತು. "ನಾಲ್ಕನೇ ಲೇಥ್ ಮಾಡಿ ತೋರಿಸಿದೆ." ನಾಲ್ಕನೇ ಲೇಥ್ ನನ್ನದು.

ಪಕ್ಕದ ಲೇಥಿನ ಅಪ್ಪಣ್ಣ ಉಗುಳಿದ. "ಅಲ್ಲಿ ಹೆಂಡ್ತಿ ಹೆಣ, ಇಲ್ಲಿ ನಿಂದು ರೆಕಾರ್ಡು. ಈಗ ನಮ್ಮ ಬೆನ್ನ ಮುರೀತೈತಿ. ಥೂ!"

ಶಿವಬಸಪ್ಪ ಗಡಿಯಾರ ಹಿಡಿದು ನಿಂತ. "ಚಲೋ, ಜಲ್ದಿ."

ಟೂಲು ತಣ್ಣಗಿಡುವ ಕೂಲಂಟಿನ ನಲ್ಲಿಯನ್ನು ಮುಚ್ಚಿದೆ. ಸ್ಪೀಡು ಕೊನೆಯ ಗೇರಿಗೆ. ಕೆತ್ತಿ ಬರುವ ಲೋಹದ ಚೂರು ನೀಲಿಯಾಯಿತು. "ಟೂಲ್ ಸುಡತೈತಿ, ಬಂದ್ ಮಾಡೋ ಹಲ್ಕಟ್!" ಶಿವಬಸಪ್ಪ ಕಿರುಚಿದ. ಮಾಡಲಿಲ್ಲ. ತುದಿ ಕೆಂಪಾಗಿ, ಮೆತ್ತಗಾಗಿ, ಕುಸಿಯಿತು. ಸುಡಲಿ. ಎಲ್ಲ ಸುಡಲಿ.

ಅಪ್ಪಣ್ಣನ ಕೈ ತನ್ನ ನಲ್ಲಿಯ ಮೇಲಿತ್ತು. ಅವನೂ ಮುಚ್ಚುತ್ತಾನೆ ಅಂದುಕೊಂಡೆ. ಇನ್ನಷ್ಟು ತೆರೆದ. ತೊಂಬತ್ತು ಮುಟ್ಟಿಸಬೇಕಲ್ಲ.

ನನ್ನನ್ನು ಗೇಟಿನಾಚೆ ದಬ್ಬಿದರು. ನಾಳೆ ಮತ್ತೆ ಹೋಗಿ ನಿಲ್ಲುತ್ತೇನೆ. ಅಪ್ಪಣ್ಣ ಬಸ್ಸಿಳಿದಾಗ ಕೊರಳಪಟ್ಟಿ ಹಿಡಿದು ಹೇಳಬೇಕು — ಅವತ್ತು ಅಷ್ಟು ಬೇಗ ಕೆತ್ತಿದ್ದು, ಆರರೊಳಗೆ ನೀಲವ್ವನ ಮುಖ ನೋಡೋದಕ್ಕೆ.